ಮೂರನೆಯ ಮಹಡಿಯ ಲಂಡನ್ ಮಂತ್ರಿ

ಗಲ್ಫಿನ ಎಗೈಲಾದಲ್ಲಿ ನಮ್ಮ ಮನೆಯ ಎದುರಿಗಿರುವ ಲಾಂಡ್ರಿಗೆ ಮೊನ್ನೆ ಮಗನ ಶಾಲೆಯ ಬ್ಲೇಜರ್ ತರಲೆಂದು ಹೋಗಿದ್ದೆ. ಅಂಗಡಿಯವನು ಚೀಟಿಯ ನಂಬರನ್ನು ಸರಿಯಾಗಿ ನೋಡದೆ ಯಾರದೋ ಹಳೆಯ ಕರಿ ಕೋಟೊಂದನ್ನು ತಂದು ನನ್ನ ಕೈಗೆ ಹಾಕಿದ. ಭಾರವಾದ ಉಣ್ಣೆಯ ಕೋಟು. ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ. ಆ ಬಿಸಿಗೆ ಬಟ್ಟೆಯೊಳಗೆ ಅಡಗಿದ್ದ ಡಾಂಬರು ಗುಳಿಗೆಯ ವಾಸನೆ ಎದ್ದು ಬಂದು ಮೂಗಿಗೆ ಅಡರಿತು. "ಮೇಡಂ, ಗಲತ್ ಹೋ ಗಯಾ, ದೀಜಿಯೇ" ಎಂದು ಅವನು ಎರಡು ಸಲ ಹೇಳಿದರೂ ಕೊಡಲು ನನಗೆ ಮನಸ್ಸಾಗಲಿಲ್ಲ. ಯಾರದೋ ಕೋಟನ್ನು ಎದೆಗವಚಿಕೊಂಡು ನಡು ಅಂಗಡಿಯಲ್ಲಿ ನಿಂತವಳನ್ನು ನೋಡಿ ಅವನು ಏನಂದುಕೊಂಡನೋ. ಅಂದುಕೊಳ್ಳಲಿ ಬಿಡಿ. ನನ್ನ ಹದಿಮೂರನೇ ವಯಸ್ಸಿನಲ್ಲಿ ಅಂಥದೇ ಒಂದು ಕೋಟಿನೊಳಗೆ ಬೆವರುತ್ತಾ ನಿಂತು, ಊರಿನವರೆಲ್ಲರ ಎದುರು ಭಾರತದ ಚರಿತ್ರೆಯನ್ನೇ ಹಾಳು ಮಾಡಿದವಳು ನಾನು. ಆ ಕೋಟು ವಲೇರಿಯನ್ ಅಂಕಲ್‌ರ ಮದುವೆಯ ಕೋಟು. ಅದರ ತೋಳುಗಳನ್ನು ಒಳಕ್ಕೆ ಮಡಚಿ ಗ್ರೇಸಿ ಆಂಟಿ ಹೊಲಿಗೆ ಹಾಕಿ ಕೊಟ್ಟಿದ್ದರು.

ಆಗ ನಾವಿದ್ದ ಮೈದಾನ್ ಹವಲ್ಲಿಯ ಕಟ್ಟಡ ಈಗಿಲ್ಲ. ಕೆಡವಿ ಹತ್ತಂತಸ್ತಿನ ಇನ್ನೊಂದನ್ನು ಕಟ್ಟಿದ್ದಾರೆ, ಅದರ ಕೆಳಗೆ ಮೊಬೈಲ್ ಅಂಗಡಿ. ನಾವಿದ್ದಾಗ ಅಲ್ಲಿ ಲಿಫ್ಟ್ ಎಂಬ ಹೆಸರಿನ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು, ನಡೆಯುತ್ತಿರಲಿಲ್ಲ. ಮೆಟ್ಟಿಲಿನ ಗೋಡೆಯಲ್ಲಿ ಗಲ್ಫ್ ಯುದ್ಧದ ಕಾಲದ ಗುಂಡಿನ ತೂತುಗಳನ್ನು ಸಿಮೆಂಟಿನಿಂದ ಮುಚ್ಚಿದ್ದರು. ಆ ತೇಪೆಗಳನ್ನು ಬೆರಳಿನಿಂದ ಮುಟ್ಟುತ್ತಾ ಹತ್ತಿದರೆ ಹನ್ನೊಂದನೆಯ ತೇಪೆಗೆ, ಮೂರನೆಯ ಮಹಡಿಯಲ್ಲಿ, ನಮ್ಮ ಬಾಗಿಲು. ಬಾಗಿಲ ಹೊರಗೆ ಎರಡು ಸಂಸಾರದ ಚಪ್ಪಲಿಗಳ ರಾಶಿ. ಗಲ್ಫಿನಲ್ಲಿ ಇದ್ದವರಿಗೆ 'ಶೇರಿಂಗ್' ಎಂದರೆ ಏನೆಂದು ಹೇಳಬೇಕಾಗಿಲ್ಲ. ಒಂದು ಕೋಣೆಯಲ್ಲಿ ಅಪ್ಪ, ಅಮ್ಮ, ನಾನು. ಇನ್ನೊಂದರಲ್ಲಿ ವಲೇರಿಯನ್ ಅಂಕಲ್, ಗ್ರೇಸಿ ಆಂಟಿ, ಅವರ ಮಗಳು ಲವಿನಾ. ನಡುವಿನ ಹಾಲ್ ಮತ್ತು ಅಡುಗೆಮನೆ ಎರಡು ಸಂಸಾರಕ್ಕೂ ಸೇರಿದ್ದು. ನಮ್ಮ ಕೋಣೆಯಲ್ಲಿ ತುಳು, ಅವರ ಕೋಣೆಯಲ್ಲಿ ಕೊಂಕಣಿ, ಹಾಲಿನಲ್ಲಿ ಕನ್ನಡ. ಇದು ಯಾರೂ ಕೂತು ಮಾಡಿದ ಕಾನೂನಲ್ಲ, ತನ್ನಷ್ಟಕ್ಕೆ ಆದದ್ದು. ಲವಿನಾ ಮತ್ತು ನಾನು ಮಾತ್ರ ಎಲ್ಲಿ ಕೂತರೂ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ನಾಲ್ವರಿಂದಲೂ ಬೈಸಿಕೊಳ್ಳುತ್ತಿದ್ದೆವು. ಫ್ರಿಜ್ಜಿನ ಮೇಲಿನ ಅರೆ ನಮ್ಮದು, ಕೆಳಗಿನದು ಅವರದು ಎಂದು ಅಮ್ಮ ಬಂದ ಮೊದಲ ವಾರವೇ ತೀರ್ಮಾನವಾಗಿತ್ತಂತೆ. ನನಗೆ ಬುದ್ಧಿ ತಿಳಿಯುವಷ್ಟರಲ್ಲಿ ಯಾವ ಅರೆ ಯಾರದೆಂದು ಅಮ್ಮನಿಗೇ ಮರೆತುಹೋಗಿತ್ತು.

ಅಮ್ಮ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ ಕೆಲಸಕ್ಕೆ ಹೋಗುತ್ತಿದ್ದಳು. ಶಾಲೆಯ ಬಸ್ಸಿನಿಂದಿಳಿದು ಬಂದ ನನಗೆ ಬಾಗಿಲು ತೆರೆಯುತ್ತಿದ್ದುದು ಗ್ರೇಸಿ ಆಂಟಿ. ಕುತ್ತಿಗೆಯಲ್ಲಿ ಅಳತೆಯ ಟೇಪು, ತುಟಿಯ ಮಧ್ಯೆ ಎರಡು ಗುಂಡುಸೂಜಿ. ಹೊಲಿಗೆ ಮಿಷಿನ್ನಿನ ಸದ್ದು ನಿಂತಿತೆಂದರೆ ನಮ್ಮ ಊಟವಾಯಿತೇ ಎಂದು ನೋಡಲು ಬಂದರೆಂದು ಅರ್ಥ. ಬಾಯಲ್ಲಿ ಸೂಜಿ ಇಟ್ಟುಕೊಂಡೇ "ಮೀನು ಬಿಟ್ಟು ಎದ್ದೆಯಾ? ಮುಳ್ಳು ತೆಗೆದು ಕೊಡ್ಬೇಕಾ ಮಹಾರಾಣಿಗೆ?" ಎನ್ನುತ್ತಿದ್ದರು. ಎನ್ನುತ್ತಲೇ ಕೂತು ಮುಳ್ಳು ಬಿಡಿಸಿ ಕೊಡುತ್ತಿದ್ದರು. ಶುಕ್ರವಾರ ಮಾತ್ರ ಅಮ್ಮನೂ ಆಂಟಿಯೂ ಒಟ್ಟಿಗೆ ಅಡುಗೆಮನೆಯಲ್ಲಿ. ಪಕ್ಕದ ಮಸೀದಿಯ ಪ್ರವಚನ ಕಿಟಕಿಯಿಂದ ಕೇಳಿಬರುತ್ತಿರುವಾಗ, ಒಂದು ಒಲೆಯಲ್ಲಿ ಅಮ್ಮನ ಕೋಳಿ ಗಸಿ, ಇನ್ನೊಂದರಲ್ಲಿ ಆಂಟಿಯ ಇಡ್ಲಿಯಂಥ ಸನ್ನಾಸ್‌ನ ಹಬೆ. ಹುರಿದ ಕೊತ್ತಂಬರಿ, ತೆಂಗಿನೆಣ್ಣೆ, ಹುದುಗಿದ ಅಕ್ಕಿ ಹಿಟ್ಟು, ಇವೆಲ್ಲ ಸೇರಿದ ಒಂದು ವಾಸನೆ ಇತ್ತಲ್ಲ, ಅದನ್ನು ಆಮೇಲೆ ನಾನು ಎಷ್ಟೋ ಮನೆಗಳಲ್ಲಿ ಹುಡುಕಿದ್ದೇನೆ. ಒಂದೊಂದಾಗಿ ಸಿಕ್ಕಿವೆ. ಒಟ್ಟಿಗೆ ಸಿಗಲಿಲ್ಲ.

ಅಂಕಲ್ ಒಂದು ಕಂಪನಿಯ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಪೈಪು, ನಟ್ಟು, ಬೋಲ್ಟುಗಳ ಲೆಕ್ಕವಿಡುವ ಆ ಮನುಷ್ಯನಿಗೆ ಚರಿತ್ರೆಯ ಹುಚ್ಚು. ಇಡೀ ಚರಿತ್ರೆಯದ್ದಲ್ಲ, ಅದರ ಎರಡು ಮೂರು ವಾರಗಳದ್ದು. ಅವರ ತಂದೆ ಮಂಗಳೂರಿನಿಂದ ದೆಹಲಿಗೆ ಹೋಗಿ ಸರ್ಕಾರದ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದರಂತೆ. ಸಾವಿರದ ಒಂಬೈನೂರ ನಲವತ್ತೆರಡು, ಎರಡನೆಯ ಮಹಾಯುದ್ಧದ ಕಾಲ. ಜಪಾನಿನ ಸೈನ್ಯ ಬರ್ಮಾದವರೆಗೆ ಬಂದಿತ್ತು. ಭಾರತದ ಜನ ತಮ್ಮ ಜೊತೆ ನಿಲ್ಲಲಿ ಎಂದು ಬ್ರಿಟಿಷ್ ಸರ್ಕಾರ ಲಂಡನ್ನಿನಿಂದ ಒಬ್ಬ ಮಂತ್ರಿಯನ್ನು ದೆಹಲಿಗೆ ಕಳಿಸಿತು. ಯುದ್ಧ ಮುಗಿದ ಮೇಲೆ ನಿಮ್ಮ ದೇಶವನ್ನು ನೀವೇ ಆಳಿಕೊಳ್ಳಿ, ಈಗಲೂ ಸರ್ಕಾರದಲ್ಲಿ ಸೇರಿ, ಆದರೆ ದೇಶದ ರಕ್ಷಣೆ ಮಾತ್ರ ನಮ್ಮ ಕೈಯಲ್ಲೇ ಇರುತ್ತದೆ ಎಂದು ಅವನು ಹೇಳಿದ. ನಮ್ಮ ಮುಖಂಡರು ಅದನ್ನೂ ಈಗಲೇ ಕೊಡಿ ಎಂದರು. ಬೇರೆ ತಕರಾರುಗಳೂ ಬೇಕಷ್ಟಿದ್ದವು, ಆದರೆ ಅಂಕಲ್ ತಂದೆಯ ಪಾಲಿಗೆ ಬಂದದ್ದು ಈ ರಕ್ಷಣೆಯ ಒಂದು ಪ್ಯಾರಾ. ಮುಚ್ಚಿದ ಬಾಗಿಲು ತೆರೆಯುತ್ತಿತ್ತು, ಪೆನ್ಸಿಲಿನಲ್ಲಿ ತಿದ್ದಿದ ಹಾಳೆ ಹೊರಬರುತ್ತಿತ್ತು, ಇವರು ಕಾರ್ಬನ್ ಇಟ್ಟು ಟೈಪ್ ಮಾಡಿ ಒಳಗೆ ಕಳಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದೇ ಪ್ಯಾರಾ ಇನ್ನೊಂದು ಥರ ತಿದ್ದಿಸಿಕೊಂಡು ವಾಪಸು. ಕೊನೆಗೊಂದು ದಿನ ಹಾಳೆ ಹೊರಗೆ ಬರಲೇ ಇಲ್ಲ. ಮಂತ್ರಿ ಲಂಡನ್ನಿಗೆ ಹೊರಟುಹೋದ ಎಂದು ಸುದ್ದಿ ಬಂತು. "ಅಪ್ಪ ಟೈಪ್‌ರೈಟರಿಗೆ ಕವರ್ ಹಾಕಿ, ಕೂತು ಅತ್ರಂತೆ" ಎಂದು ಅಂಕಲ್ ಹೇಳುತ್ತಿದ್ದರು. ಈ ಕತೆಯನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ, ಅಂಕಲ್ "ನಲವತ್ತೆರಡರಲ್ಲಿ..." ಎಂದು ಬಾಯಿ ತೆರೆದ ಕೂಡಲೇ ನಮ್ಮ ಅಪ್ಪ ಎದ್ದು ಟಿ.ವಿ. ಹಾಕುತ್ತಿದ್ದರು.

ಸ್ವಾತಂತ್ರ್ಯ ಬಂದು ಐವತ್ತು ತುಂಬಿದ ವರ್ಷ, ನಮ್ಮ ಕಡೆಯವರ ಸಂಘದವರು ನವೆಂಬರಿನ ಕಾರ್ಯಕ್ರಮಕ್ಕೆ ಮಕ್ಕಳಿಂದ ಒಂದು ದೇಶಭಕ್ತಿಯ ನಾಟಕ ಮಾಡಿಸಿಕೊಡಿ ಎಂದು ಅಂಕಲ್‌ಗೆ ಹೇಳಿದರು. ಹೇಳಿದ್ದೇ ತಪ್ಪಾಯಿತು. ವಾರದೊಳಗೆ ಅಂಕಲ್ ಸ್ಟೋರಿನ ಹಳೆಯ ರಿಜಿಸ್ಟರಿನ ಹಿಂಬದಿಯಲ್ಲಿ ನಲವತ್ತೆರಡರ ಮಾತುಕತೆಯನ್ನೇ ನಾಟಕ ಮಾಡಿ ತಂದರು. ಸಂಘದ ಕಾರ್ಯದರ್ಶಿಗಳು ನಮ್ಮ ಹಾಲಿನ ಸೋಫಾದಲ್ಲಿ ಕೂತು ಓದಿ ತಲೆ ಕೆರೆದುಕೊಂಡರು. "ಎಂಥದು ವಲೇರಿಯನ್ನರೇ ಇದು? ಐವತ್ತನೇ ವರ್ಷಕ್ಕೆ ಸೋತ ಕತೆಯಾ? ಒಂದು ಬಾವುಟ ಇಲ್ಲ, ಹಾಡಿಲ್ಲ. ಕೊನೆಗೆ ಎಲ್ಲರೂ ಎದ್ದು ಹೋಗ್ತಾರೆ." ಅಂಕಲ್ ನಕ್ಕರು. "ಬಾವುಟ ಹಾರಿಸುವುದು ಎಲ್ರೂ ಮಾಡ್ತಾರೆ ಮಾರಾಯ್ರೇ. ಅದಕ್ಕೆ ಮೊದಲು ಕೂತು ಮಾತಾಡಿ ಮಾತಾಡಿ ಆಗ್ಲಿಲ್ಲ ಅಂತ ಎದ್ದು ಹೋದ್ರಲ್ಲ, ಅದು ಮಕ್ಕಳಿಗೆ ಯಾರು ಹೇಳುವುದು?" ಗ್ರೇಸಿ ಆಂಟಿ ಚಹಾದ ಜೊತೆ ಒಂದು ತಟ್ಟೆ ಬಿಸಿಬಿಸಿ ಕರಿದ ಬಾಳೆಹಣ್ಣಿನ ಪೋಡಿ ತಂದಿಟ್ಟರು. ಪೋಡಿ ಖಾಲಿಯಾಗುವಷ್ಟರಲ್ಲಿ ಕಾರ್ಯದರ್ಶಿಗಳು ಒಪ್ಪಿದ್ದರು.

ಪ್ರತಿ ಶುಕ್ರವಾರ ಊಟವಾದ ಮೇಲೆ ಹಾಲಿನಲ್ಲಿ ರಿಹರ್ಸಲ್. ಒಗೆದ ಬಟ್ಟೆಯ ಸ್ಟ್ಯಾಂಡನ್ನು ಗೋಡೆಗೆ ತಳ್ಳಿ, ಊಟದ ಮೇಜನ್ನು ನಡುವಿಗೆಳೆದು, ಅದರ ಒಂದು ಬದಿಗೆ ಲಂಡನ್ನಿನ ಮಂತ್ರಿಯಾದ ನಾನು, ಇನ್ನೊಂದು ಬದಿಗೆ ದೇಶದ ಮುಖಂಡಳಾದ ಲವಿನಾ. ಕಟ್ಟಡದ ಮತ್ತೆ ನಾಲ್ಕು ಮಕ್ಕಳು ಕಾರ್ಯದರ್ಶಿ, ಟೈಪಿಸ್ಟು, ಜವಾನ ಇತ್ಯಾದಿ. ನಮಗೆ ಯಾರಿಗೂ ಕನ್ನಡ ಓದಲು ಬರುತ್ತಿರಲಿಲ್ಲವಾದ್ದರಿಂದ ಆಂಟಿ ಮಾತುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದರು, ನಾವು ಮಗ್ಗಿಯಂತೆ ಉರು ಹೊಡೆಯುತ್ತಿದ್ದೆವು. ಲವಿನಾ ಈ ಉರು ಹೊಡೆಯುವುದರಲ್ಲಿ ಭಾರಿ ಗಟ್ಟಿ. ಎದುರಿನವರು ಏನು ಹೇಳಿದರೆಂದು ಅವಳು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅವರ ಬಾಯಿ ಮುಚ್ಚಿತೆಂದರೆ ಇವಳದ್ದು ತೆರೆಯುತ್ತಿತ್ತು. ನನಗೋ ನಗು ತಡೆಯುತ್ತಿರಲಿಲ್ಲ. "ಎಂತ ಬಾಯೆ, ಮಂತ್ರಿ ಹಾಗೆ ನಗ್ಲಿಕ್ಕುಂಟಾ?" ಎಂದು ಅಂಕಲ್ ಕೋಟಿನ ಕಾಲರ್ ಸರಿಮಾಡುತ್ತಿದ್ದರು. ಬಾಯೆ ಎಂದರೆ ಕೊಂಕಣಿಯಲ್ಲಿ ಹುಡುಗಿಯರನ್ನು ಮುದ್ದಿನಿಂದ ಕರೆಯುವುದು. ತಮ್ಮ ಮಗಳನ್ನೂ ನನ್ನನ್ನೂ ಅವರು ಒಂದೇ ಹೆಸರಿನಿಂದ ಕರೆಯುತ್ತಿದ್ದರು, ಕರೆದದ್ದು ಯಾರನ್ನೆಂದು ತಿಳಿಯದೆ ನಾವಿಬ್ಬರೂ ಓಡುತ್ತಿದ್ದೆವು.

ಅಕ್ಟೋಬರಿನಲ್ಲಿ ಅಂಕಲ್‌ರ ಕಂಪನಿ ಕೈ ಬದಲಾಯಿತು. ಹೊಸ ಮಾಲೀಕರ ಮ್ಯಾನೇಜರ್ ಬಂದು, ಸ್ಟೋರಿನವರಿಗೆಲ್ಲ ಸಂಬಳ ಕಡಿಮೆ ಮಾಡಿದ. ಈ ದೇಶದ ನಿಯಮ ಬಲ್ಲವರಿಗೆ ಅದರ ಅರ್ಥ ಒಂದೇ ಸಲಕ್ಕೆ ತಿಳಿಯುತ್ತದೆ. ಇಷ್ಟು ಸಂಬಳ ಇದ್ದರೆ ಮಾತ್ರ ಹೆಂಡತಿ ಮಕ್ಕಳಿಗೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ. ಅದಕ್ಕಿಂತ ಕಡಿಮೆಯಾದರೆ ಗಂಡಸು ಒಬ್ಬನೇ ಇರಬೇಕು, ಸಂಸಾರ ಊರಿಗೆ ಹೋಗಬೇಕು. ಆಂಟಿಯ, ಲವಿನಾಳ ಇಕಾಮಾ ಮಾರ್ಚಿಗೆ ಮುಗಿಯುವುದಿತ್ತು. ಬೇರೆ ಒಂದು ಕಂಪನಿ ಅಂಕಲ್‌ರನ್ನು ಒಳ್ಳೆಯ ಸಂಬಳಕ್ಕೆ ತೆಗೆದುಕೊಳ್ಳಲು ತಯಾರಿತ್ತು. ಆದರೆ ಈಗಿನ ಕಫೀಲ್, ಎಂದರೆ ಅವರ ವೀಸಾದ ಹೊಣೆ ಹೊತ್ತ ಮಾಲೀಕ, 'ರಿಲೀಸ್' ಬರೆದುಕೊಡದೆ ಅಲ್ಲಿಗೆ ಹೋಗುವಂತಿಲ್ಲ. ಇದೆಲ್ಲ ನಮಗೆ ಯಾರೂ ಕೂರಿಸಿ ಹೇಳಲಿಲ್ಲ. ಒಂದೇ ಅಡುಗೆಮನೆ ಇರುವ ಮನೆಯಲ್ಲಿ ಗುಟ್ಟು ನಿಲ್ಲುವುದೆಲ್ಲಿ? ಲವಿನಾ ಹೋಗಿಬಿಡಬಹುದು ಎಂಬುದು ನನಗೆ ಗೊತ್ತಾದ ದಿನ ನಾನು ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತೆ. ನನಗೆ ಒಡಹುಟ್ಟಿದವರಿಲ್ಲ. ಇದ್ದದ್ದು ಅವಳೊಬ್ಬಳು.

ಅಂಕಲ್ ಮೂರು ಸಲ ಮಾತುಕತೆಗೆ ಹೋದರು. ಮೊದಲ ಸಲ ರಿಲೀಸ್ ಕೇಳಿದರು, ಮ್ಯಾನೇಜರ್ ಗಾವಾ, ಅಂದರೆ ಅರಬ್ಬಿ ಕಾಫಿ ಕುಡಿಸಿ, ಖರ್ಜೂರ ಕೊಟ್ಟು, ನಿನ್ನಂಥ ಪ್ರಾಮಾಣಿಕನನ್ನು ಬಿಡುವುದುಂಟೇ ಎಂದು ಹೆಗಲು ತಟ್ಟಿ ಕಳಿಸಿದ. ಎರಡನೆಯ ಸಲ ಹಳೆಯ ಸಂಬಳವನ್ನಾದರೂ ಉಳಿಸಿ ಎಂದರು. ಸದ್ಯ ಆಗುವುದಿಲ್ಲ, ಎರಡು ವರ್ಷ ಒಬ್ಬನೇ ಇರು, ಆಮೇಲೆ ಸಂಬಳ ಏರಿಸುತ್ತೇವೆ, ಸಂಸಾರವನ್ನು ವಾಪಸು ಕರೆಸಿಕೋ ಎಂಬ ಉತ್ತರ ಬಂತು. ಮೂರನೆಯ ಸಲ ಅಂಕಲ್ ಅದನ್ನೇ ಒಂದು ಹಾಳೆಯಲ್ಲಿ ಟೈಪ್ ಮಾಡಿಕೊಂಡು ಹೋದರು. ಎರಡು ವರ್ಷದ ನಂತರ ಸಂಸಾರಕ್ಕೆ ಸಾಲುವಷ್ಟು ಸಂಬಳ ಕೊಡುತ್ತೇವೆ ಎಂಬ ಒಂದೇ ವಾಕ್ಯ, ಕೆಳಗೆ ಸಹಿಗೆ ಜಾಗ. ಅದು ನಾಟಕದ ಹಿಂದಿನ ದಿನ, ಗುರುವಾರ. ಮಧ್ಯಾಹ್ನ ವಾಪಸು ಬಂದವರು ಶೂ ಕೂಡ ಬಿಚ್ಚದೆ ಅಡುಗೆಮನೆಗೆ ಹೋದರು. ಲವಿನಾ ಮತ್ತು ನಾನು ಹಾಲಿನಲ್ಲಿ ಮಾತು ಉರು ಹೊಡೆಯುತ್ತಿದ್ದವರು ನಿಲ್ಲಿಸಿ ಕಿವಿಗೊಟ್ಟೆವು. "ಬಾಯಲ್ಲಿ ಬೇಕಾದಷ್ಟು ಹೇಳ್ತಾರೆ ಗ್ರೇಸಿ. ಇನ್ಶಾ ಅಲ್ಲಾ, ಇನ್ಶಾ ಅಲ್ಲಾ ಅಂತ. ಬರೆದು ಕೊಡಿ ಅಂದ್ರೆ ಪೆನ್ನು ಕೆಳಗಿಟ್ರು." ಕೊನೆಗೆ "ಖಲಾಸ್" ಎಂದರು. ಲವಿನಾ ಒಮ್ಮೆ ನನ್ನ ಮುಖ ನೋಡಿ, ಮತ್ತೆ ತನ್ನ ಹಾಳೆಗೆ ತಲೆ ತಗ್ಗಿಸಿ, ಮೊದಲಿಗಿಂತ ಜೋರಾಗಿ ಉರು ಹೊಡೆಯತೊಡಗಿದಳು.

ಮರುದಿನ ಸಂಜೆ ಶಾಲೆಯೊಂದರ ಸಭಾಂಗಣ ಕಿಕ್ಕಿರಿದಿತ್ತು. ಮಲ್ಲಿಗೆ ಮುಡಿದವರು, ರೇಷ್ಮೆ ಸೀರೆಯವರು, ಮುಂದಿನ ಸಾಲಿನಲ್ಲಿ ಕಾರ್ಯದರ್ಶಿಗಳು. ಬಿರಿಯಾನಿ ಎಷ್ಟು ಹೊತ್ತಿಗೆ ಎಂದು ಹಿಂದಿನಿಂದ ಯಾರೋ ಕೇಳುತ್ತಿದ್ದರು. ನಾಟಕ ಚೆನ್ನಾಗಿಯೇ ನಡೆಯಿತು. ಟೈಪಿಸ್ಟ್ ಪಾತ್ರದ ಹುಡುಗಿ ಹಾಳೆ ಹಿಡಿದು ಓಡಾಡಿದಾಗಲೆಲ್ಲ ಜನ ನಕ್ಕರು. ಕೊನೆಯ ದೃಶ್ಯ ಬಂತು. ಮುಖಂಡ ಕೇಳಬೇಕು: ದೇಶದ ರಕ್ಷಣೆಯನ್ನು ನಮ್ಮ ಕೈಗೆ ಕೊಡುತ್ತೀರಾ? ಮಂತ್ರಿ ಹೇಳಬೇಕು: ಕ್ಷಮಿಸಿ, ಯುದ್ಧ ಮುಗಿಯುವವರೆಗೆ ಅದು ನಮ್ಮಲ್ಲೇ ಇರುತ್ತದೆ. ಮುಖಂಡ ಎದ್ದು ನಿಂತು ಹಾಗಾದರೆ ನಾವು ಒಪ್ಪಲಾರೆವು, ನಮಸ್ಕಾರ ಎಂದು ಹೇಳಿ ಹೊರಟುಹೋಗಬೇಕು. ಲವಿನಾ ತಲೆಗೆ ಬಿಳಿ ಟೋಪಿ, ಮೈಗೆ ಆಂಟಿ ಹೊಲಿದ ಉದ್ದದ ಕೋಟು ಹಾಕಿಕೊಂಡು ಕೇಳಿದಳು. ನಾನು ಬಾಯಿ ತೆರೆದೆ. ಅವಳು ಎದ್ದು ಹೊರಡಲು ಆಗಲೇ ಕುರ್ಚಿಯ ಕೈ ಹಿಡಿದುಕೊಂಡಿದ್ದಳು. ಅದನ್ನು ನೋಡಿ ನನಗೇನಾಯಿತೋ ದೇವರೇ ಬಲ್ಲ. "ಆಯ್ತು, ಕೊಡ್ತೇನೆ" ಎಂದೆ. ಪರದೆಯ ಹಿಂದಿನಿಂದ ಪ್ರಾಂಪ್ಟ್ ಮಾಡುತ್ತಿದ್ದ ಅಂಕಲ್ "ಕ್ಷಮಿಸಿ, ಕ್ಷಮಿಸಿ" ಎಂದು ಪಿಸುಗುಟ್ಟಿದರು. ನಾನು ನಿಲ್ಲಿಸಲಿಲ್ಲ. "ಈಗ್ಲೇ ಕೊಡ್ತೇನೆ. ಎಲ್ಲ ತಕೊಳ್ಳಿ. ನೀವು ಎಲ್ಲಿಗೂ ಹೋಗ್ಬೇಡಿ" ಎಂದೆ.

ಲವಿನಾ ಎದ್ದು ನಿಂತಳು. ಟೋಪಿ ಸರಿಮಾಡಿಕೊಂಡಳು. ಒಂದಕ್ಷರವೂ ತಪ್ಪದಂತೆ ಗಟ್ಟಿ ಸ್ವರದಲ್ಲಿ "ಹಾಗಾದರೆ ನಾವು ಒಪ್ಪಲಾರೆವು, ನಮಸ್ಕಾರ" ಎಂದು ಹೇಳಿ ದಡದಡ ನಡೆದು ಹೋದಳು. ಅಯ್ಯೋ ದೇವರೇ, ಆ ನಗು! ಕಾರ್ಯದರ್ಶಿಗಳು ಕಣ್ಣೊರೆಸಿಕೊಳ್ಳುತ್ತಾ ನಕ್ಕರು, ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ಕೇಳಿದ್ದನ್ನೆಲ್ಲ ಕೊಟ್ಟರೂ ಬೇಡವೆಂದು ಎದ್ದುಹೋದ ಮುಖಂಡನನ್ನು ಯಾವ ದೇಶದ ಚರಿತ್ರೆ ಕಂಡಿದೆ ಹೇಳಿ. ಪರದೆ ಬಿತ್ತು. ಬೈಗುಳ ತಿನ್ನಲು ತಯಾರಾಗಿ ನಾನು ತಲೆ ತಗ್ಗಿಸಿ ಅಂಕಲ್ ಎದುರು ನಿಂತೆ. ಅವರು ಕೋಟಿನ ಸಮೇತ ನನ್ನನ್ನು ತಬ್ಬಿಕೊಂಡರು. ನಗುತ್ತಿದ್ದಾರೆಂದುಕೊಂಡೆ, ತಲೆಯೆತ್ತಿ ನೋಡಿದರೆ ಅಳುತ್ತಿದ್ದರು. "ನನ್ನಪ್ಪ ಅಷ್ಟು ಸಲ ಟೈಪ್ ಮಾಡಿದ್ರು ಬಾಯೆ" ಎಂದರು. "ಒಂದು ಸಲವಾದ್ರೂ ಆ ಕಾಗದದಲ್ಲಿ ಈ ಮಾತು ಬರ್ಲಿಲ್ಲ."

ಮನೆಗೆ ಬಂದ ಮೇಲೆ ಅಪ್ಪ ನನ್ನನ್ನು ಬಿಟ್ಟು ಅಂಕಲ್‌ರನ್ನು ಹಿಡಿದುಕೊಂಡರು. ಅಪ್ಪ ಲೆಕ್ಕದ ಮನುಷ್ಯ, ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ. "ನೋಡು ವಲೇರಿಯನ್, ಕೆಲಸ ಬಿಟ್ಟು ಹೋಗುವ ಹುಚ್ಚು ಮಾಡ್ಬೇಡ. ಸಿಕ್ಕಿದ್ದು ಹಿಡ್ಕೋ. ಗ್ರೇಸಿಬಾಯಿ, ಹುಡುಗಿ ಊರಲ್ಲಿರ್ಲಿ. ಇಲ್ಲಿ ಅರ್ಧಕ್ಕರ್ಧ ಜನ ಇರುವುದು ಹಾಗೇ ಅಲ್ವಾ? ವರ್ಷಕ್ಕೊಮ್ಮೆ ಹೋಗಿ ಬಾ. ಎರಡು ವರ್ಷ ಎಂತ ದೊಡ್ಡದು?" ಅಂಕಲ್ ಮೇಜಿನ ಮೇಲಿದ್ದ ಲವಿನಾಳ ಬಿಳಿ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು. "ಎಲ್ಲ ಕೊಟ್ರೂ ಬೇಡ ಅಂದ್ಲಲ್ಲ ಶೇಖರ್ ನನ್ನ ಮಗಳು! ನಾನು ಅರ್ಧಕ್ಕೆ ಒಪ್ಪಿದ್ರೆ ಅವಳಿಗೆ ಮುಖ ತೋರಿಸುವುದು ಹೇಗೆ?" ಎಂದು ನಗೆಯಾಡಿದರು. ಅಪ್ಪನಿಗೆ ನಗು ಬರಲಿಲ್ಲ. ಆಗ ಅಂಕಲ್ ಟೋಪಿ ಕೆಳಗಿಟ್ಟು ಮೆತ್ತಗೆ ಹೇಳಿದರು, "ಎರಡು ವರ್ಷ ಅಂತ ಬಂದವ್ರು ಎಷ್ಟು ಜನ ಇಪ್ಪತ್ತು ವರ್ಷ ಒಬ್ಬರೇ ಕೂತಿದ್ದಾರೆ, ನಾನೂ ನೋಡಿದ್ದೇನೆ, ನೀನೂ ನೋಡಿದ್ದೀ. ನಂಗೆ ಅವಳು ದೊಡ್ಡವಳಾಗುವುದನ್ನು ನೋಡ್ಬೇಕು. ಫೋನಲ್ಲಿ ಕೇಳಿದ್ರೆ ಸಾಕಾಗುದಿಲ್ಲ." ಅಪ್ಪ "ನಿಂಗೆ ತಲೆ ಕೆಟ್ಟಿದೆ" ಎಂದು ಹೇಳಿ ಎದ್ದು ಕೋಣೆಗೆ ಹೋದರು. ಒಂದು ವಾರ ಅವರಿಬ್ಬರೂ ಸರಿಯಾಗಿ ಮಾತಾಡಲಿಲ್ಲ.

ಮಾರ್ಚಿನಲ್ಲಿ ನಮ್ಮ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಅಂಕಲ್ ಕೆಲಸ ಬಿಟ್ಟು, ಮೂವರೂ ಊರಿಗೆ ಹೊರಟರು. ಬೆಳಿಗ್ಗೆಯಿಂದ ಧೂಳು ಎದ್ದಿತ್ತು, ಕಿಟಕಿಯ ಸಂದಿಗೆಲ್ಲ ಆಂಟಿ ಎಂದಿನಂತೆ ಒದ್ದೆ ಬಟ್ಟೆ ತುರುಕಿದರು, ಇನ್ನು ಎರಡು ಗಂಟೆಯಲ್ಲಿ ತಾವು ಆ ಮನೆಯಲ್ಲಿ ಇರುವುದಿಲ್ಲ ಎಂಬುದು ನೆನಪೇ ಇಲ್ಲದವರಂತೆ. ಹೊಲಿಗೆ ಮಿಷಿನ್ನನ್ನು ಅಮ್ಮನಿಗೆ ಬಿಟ್ಟುಹೋದರು. ಅಮ್ಮನಿಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ, ಆದರೂ ಅದನ್ನು ಯಾರಿಗೂ ಕೊಡಲಿಲ್ಲ. ಏರ್‌ಪೋರ್ಟಿನಲ್ಲಿ ಲವಿನಾ ಮತ್ತು ನಾನು ಜಗಳವಾಡಿದೆವು, ಯಾವುದೋ ಪೆನ್ಸಿಲ್ ಬಾಕ್ಸಿನ ವಿಷಯಕ್ಕೆ. ಅಳುವುದಕ್ಕಿಂತ ಅದು ಸುಲಭವಿತ್ತು. ಅಂಕಲ್ ನನ್ನ ತಲೆಯ ಮೇಲೆ ಕೈಯಿಟ್ಟು "ಕನ್ನಡ ಓದ್ಲಿಕ್ಕೆ ಕಲಿ ಬಾಯೆ, ನಾನು ಕಾಗದ ಬರೀತೇನೆ" ಎಂದರು. ಅವರು ಬರೆದರು, ನಾನು ಕಲಿತೆ. ನೀವು ಓದುತ್ತಿರುವ ಈ ಅಕ್ಷರಗಳೆಲ್ಲ ಆ ಕಾಗದಗಳಿಂದ ಬಂದದ್ದು.

ಅವರ ಕೋಣೆಗೆ ಬೇರೆ ಸಂಸಾರ ಬಂತು. ಒಳ್ಳೆಯವರೇ, ಆದರೆ ಫ್ರಿಜ್ಜಿನ ಅರೆಗಳು ಮತ್ತೆ ಎರಡಾದವು. ಶಾಲೆಯಿಂದ ಬಂದಾಗ ಬಾಗಿಲು ತೆರೆಯುವವರಿಲ್ಲ, ಕೊರಳಿಗೆ ಕೀಲಿಕೈ ತೂಗಿಸಿಕೊಂಡು ನಾನು ಒಬ್ಬಳೇ ಒಳಗೆ ಹೋಗುತ್ತಿದ್ದೆ. ಅದೇ ವರ್ಷ ಅಪ್ಪ ಸಂಜೆಯ ಓವರ್‌ಟೈಮ್ ಬಿಟ್ಟರು. ಯಾಕೆಂದು ಯಾರೂ ಕೇಳಲಿಲ್ಲ, ಅವರು ಹೇಳುವ ಜಾತಿಯವರೂ ಅಲ್ಲ. ಐದು ಗಂಟೆಗೆ ಮನೆಗೆ ಬಂದು, ಬನಿಯನ್ ಹಾಕಿಕೊಂಡು ಮೀನು ತೊಳೆಯಲು ನಿಲ್ಲುತ್ತಿದ್ದರು. ಬೀಜಗಣಿತ ಹೇಳಿಕೊಡುವಾಗ ಸಿಟ್ಟು ಮಾಡಿ ಪುಸ್ತಕ ಮುಚ್ಚುತ್ತಿದ್ದರು, ಹತ್ತು ನಿಮಿಷ ಬಿಟ್ಟು ತಾವೇ ತೆರೆಯುತ್ತಿದ್ದರು. ನಾನು ಹತ್ತನೇ ಮುಗಿಸಿದೆ, ಹನ್ನೆರಡನೇ ಮುಗಿಸಿದೆ, ಅವರ ಜೊತೆ ಜಗಳವಾಡಿದೆ, ಒಂದು ವರ್ಷ ಮುಖ ಗಂಟಿಕ್ಕಿಕೊಂಡೇ ಇದ್ದೆ, ಕಾರು ಕಲಿಯುವಾಗ ಅವರ ಕಾರನ್ನು ಕಂಬಕ್ಕೆ ಗುದ್ದಿದೆ. ಎಲ್ಲ ಮಕ್ಕಳಿಗೂ ಅಪ್ಪ ಹೀಗೆಯೇ ಪ್ರತಿ ಸಂಜೆ ಬರುತ್ತಾರೆ ಎಂದು ತಿಳಿದುಕೊಂಡಿದ್ದೆ. ಅತ್ತ ಅಂಕಲ್ ಊರಲ್ಲಿ ಇಗರ್ಜಿಯ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಹಾಕಿಕೊಂಡರು, ಪಕ್ಕದಲ್ಲೇ ಆಂಟಿಯ ಹೊಲಿಗೆ. ಕಷ್ಟವಿತ್ತು, ಕಾಗದದಲ್ಲಿ ಅದನ್ನು ಬರೆಯುತ್ತಿರಲಿಲ್ಲ. ಲವಿನಾಳಿಗೆ ಸೈಕಲ್ ಕಲಿಸಿದೆ, ಲವಿನಾ ಚಿಕನ್ ಪಾಕ್ಸ್‌ನಲ್ಲಿ ಮಲಗಿದ್ದಾಳೆ, ಲವಿನಾಳ ಜೊತೆ ಕೂತು ನಾನೂ ಅಕೌಂಟ್ಸ್ ಕಲಿಯುತ್ತಿದ್ದೇನೆ ಎಂದಷ್ಟೇ ಬರೆಯುತ್ತಿದ್ದರು.

ಕಳೆದ ವರ್ಷ ಅಂಕಲ್ ತೀರಿಕೊಂಡರು. ಲವಿನಾ ಫೋನ್ ಮಾಡಿ ಹೇಳಿದಾಗ ಅಪ್ಪ ನಮ್ಮ ಮನೆಯಲ್ಲೇ ಇದ್ದರು. ಸುದ್ದಿ ಕೇಳಿ ಬಾಲ್ಕನಿಗೆ ಹೋಗಿ ಬಹಳ ಹೊತ್ತು ನಿಂತರು. ನಾನು ಚಹಾ ತೆಗೆದುಕೊಂಡು ಹೋದೆ. ಲೋಟ ಕೈಗೆ ತೆಗೆದುಕೊಂಡು, ನನ್ನ ಮುಖ ನೋಡದೆ ಹೇಳತೊಡಗಿದರು. "ನಿನ್ನನ್ನೂ ಊರಿಗೆ ಕಳಿಸ್ಲಿಕ್ಕೆ ಮಾಡಿದ್ದೆ, ಗೊತ್ತುಂಟಾ? ಗ್ರೇಸಿಬಾಯಿ ಹೋದ ಮೇಲೆ ನಿನ್ನನ್ನು ನೋಡುವವರು ಯಾರು ಅಂತ. ಹಾಸ್ಟೆಲಲ್ಲಿ ಸೀಟ್ ಹೇಳಿ ಆಗಿತ್ತು. ಶಾಲೆಗೆ ಟಿ.ಸಿ.ಗೆ ಅರ್ಜಿ ಕೊಟ್ಟಿದ್ದೆ. ಅಮ್ಮನಿಗೂ ಹೇಳಿರ್ಲಿಲ್ಲ." ಹದಿನೈದು ವರ್ಷ ಈ ಮನುಷ್ಯ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. "ಮತ್ತೆ?" ಎಂದೆ. "ಮತ್ತೆಂತ. ಆ ದಿನ ಏರ್‌ಪೋರ್ಟಲ್ಲಿ ವಲೇರಿಯನ್ ಮಗಳ ಶಾಲೆ ಬ್ಯಾಗನ್ನು ಬೆನ್ನಿಗೆ ಹಾಕ್ಕೊಂಡು ಹೋದ. ಕೆಲಸ ಇಲ್ಲ, ಊರಲ್ಲಿ ಮುಂದೆ ಎಂತ ಅಂತ ಗೊತ್ತಿಲ್ಲ. ಆದ್ರೂ ಅವ್ನು ನನಗಿಂತ ಖುಷಿಯಲ್ಲಿದ್ದ. ನಿನ್ನನ್ನು ಕಾರಲ್ಲಿ ಕೂರಿಸ್ಕೊಂಡು ವಾಪಸು ಬರುವಾಗ ನೀನು ಅಳ್ತಾ ಅಳ್ತಾ ನಿದ್ದೆ ಹೋದೆ. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೋಗಿ ಅರ್ಜಿ ವಾಪಸು ತಕೊಂಡೆ. ಕ್ಲರ್ಕ್ ಕಾರಣ ಬರೀರಿ ಅಂದ. ಎಂತ ಬರೆಯುವುದು? ಮಗಳು ನಮ್ಮ ಜೊತೆಯೇ ಇರ್ತಾಳೆ ಅಂತ ಬರ್ದು ಬಂದೆ."

ಅಪ್ಪ ಚಹಾ ಕುಡಿದು ಲೋಟ ಒಳಗಿಟ್ಟು ಹೋದರು. ಅಲ್ಲಿಯೇ ನಿಂತು ನಾನು ಆ ಸಂಜೆಗಳನ್ನೆಲ್ಲ ನೆನೆದುಕೊಂಡೆ. ಮೀನು, ಬೀಜಗಣಿತ, ಕಾರು, ಜಗಳ. ಯಾರಿಗೆ ಕೃತಜ್ಞಳಾಗಿರಬೇಕೆಂದೇ ಗೊತ್ತಿಲ್ಲದೆ ಅಷ್ಟನ್ನೂ ಉಂಡು ದೊಡ್ಡವಳಾದೆ. ನಿಮಗೂ ಅಂಥವರೊಬ್ಬರು ಇರಬಹುದು, ಬದುಕಿದ್ದರೆ ಹೋಗಿ ಹೇಳಿಬಿಡಿ. ನನಗೆ ತಡೆಯಲಾಗಲಿಲ್ಲ, ಅಂತ್ಯಕ್ರಿಯೆ ಮುಗಿದ ಎರಡು ದಿನಕ್ಕೆ ಲವಿನಾಳಿಗೆ ಫೋನ್ ಮಾಡಿ ಅಪ್ಪ ಹೇಳಿದ್ದನ್ನೆಲ್ಲ ಹೇಳಿದೆ. ಅವಳು "ಡ್ಯಾಡಿಗೆ ಇದು ಗೊತ್ತಿತ್ತಾ?" ಎಂದು ಕೇಳಿದಳು.

ಇಲ್ಲ ಎಂದೆ.

"ನಾಳೆ ಚರ್ಚಲ್ಲಿ ಪೂಜೆ ಮುಗಿಸಿ ಸಮಾಧಿ ಹತ್ರ ಹೋಗ್ತೇನೆ. ಹೇಳ್ತೇನೆ" ಎಂದಳು. ಮಾರನೆಯ ದಿನ ಅವಳು ಹೋಗಿ ಹೇಳಿದಳು.